ತುಂಬಿತ್ತ್

ತೆಕ್ಕಟ್ಟೆಯ ಸೂರನ ಮನೆಯಲ್ಲಿ ಹೊಸ್ತಿನ ಹಬ್ಬದ ದಿನ ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಒಂದು ಶಬ್ದಕ್ಕೆ ನಿಷೇಧ ಬಿತ್ತು.

ಹಾಕಿದವಳು ಅವನ ಅಬ್ಬೆ ಬಾಗಿ. ಎಪ್ಪತ್ತೆಂಟು ವರ್ಷ, ನಾಲ್ಕೂವರೆ ಅಡಿ ಎತ್ತರ, ದನಿ ಮಾತ್ರ ಬಂದರಿನಲ್ಲಿ ಮೀನು ಹರಾಜು ಕೂಗುವವರದ್ದು. ದೇವರಿಗೆ ದೀಪ ಹಚ್ಚಿ ಹೊರಬಂದವಳು ಮಗ ಸೂರ, ಸೊಸೆ ವನಜ, ಮೊಮ್ಮಗಳು ಧನ್ಯಶ್ರೀ ಮೂವರನ್ನೂ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದಳು.

"ಕೇಣಿ. ಇವತ್ ನಾನ್ ಹೊಸ್ತಿನ ಮೊದಲ್ ತುತ್ತ್ ಬಾಯಿಗ್ ಇಡುವರಿಗೆ ಈ ಮನಿಯಗೆ ಯಾರ ಬಾಯಗೂ 'ಇಲ್ಲೆ' ಅಂಬ ಮಾತ್ ಬಪ್ಪುಕಾಗ."

"ಅದ್ ಗೊತ್ತಿತ್ತಲ್ಲ ಅಬ್ಬೆ," ಎಂದ ಸೂರ. "ಅಕ್ಕಿ ಇಲ್ಲೆ ಅಂಬುಕಾಗ. ತುಂಬಿತ್ತ್ ಅನ್ಕ್."

ಇದು ಆ ಕಡೆಯ ಹಳಬರ ಕ್ರಮ. ಅಕ್ಕಿ ಮುಗಿಯಿತು ಎಂದರೆ ಅಕ್ಕಿ ಕೇಳಿಸಿಕೊಂಡು ಬೇಜಾರು ಮಾಡಿಕೊಳ್ಳುತ್ತದೆ. ಹಾಗಾಗಿ ಡಬ್ಬಿ ಖಾಲಿಯಾದಾಗ ದನಿ ತಗ್ಗಿಸಿ "ತುಂಬಿತ್ತ್" ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು ಅಂಗಡಿಗೆ ಹೋಗುತ್ತಾರೆ.

"ಅಕ್ಕಿಗ್ ಮಾತ್ರ ಅಲ್ಲ," ಎಂದಳು ಬಾಗಿ. "ಎಂತಕ್ಕೂ ಅಂಬುಕಾಗ. ವರ್ಷದಗೆ ಮುನ್ನೂರ ಅರವತ್ನಾಲ್ಕ್ ದಿನ ಅದೇ ಅಲ್ದಾ? ಮೀನ್ ಇಲ್ಲೆ, ನೀರ್ ಇಲ್ಲೆ, ಕರೆಂಟ್ ಇಲ್ಲೆ, ಪುರ್ಸೊತ್ತ್ ಇಲ್ಲೆ. ದೇವ್ರ್ ಒಂದ್ ದಿನ ಅಂತ ಇಟ್ಟದ್ದ್ ಎಂತಕ್ಕೆ? ಇಪ್ಪದ್ದನ್ನ್ ಕಾಂಬುಕೆ."

"ಅಜ್ಜಿ, ಈಗ ನೀವೇ ಐದಾರ್ ಸಲ ಹೇಳಿದ್ರಿ," ಎಂದಳು ಧನ್ಯಶ್ರೀ. ಬಿ.ಕಾಂ. ಎರಡನೇ ವರ್ಷ, ತಪ್ಪು ಹುಡುಕುವುದರಲ್ಲಿ ಆಗಲೇ ಡಿಗ್ರಿ ಆಗಿತ್ತು.

"ಅದ್ ಕಾನೂನ್ ಓದುಕೆ. ಅದ್ ಲೆಕ್ಕಕ್ ಇ..." ಬಾಗಿ ತುಟಿ ಕಚ್ಚಿಕೊಂಡಳು. "ಅದ್ ಲೆಕ್ಕದಿಂದ ಹೊರಗೆ."

"ಗೊತ್ತಿಲ್ಲೆ, ಬತ್ತಿಲ್ಲೆ ಅಂಬ್ದ್?"

"ಬಾಲದಗ್ ಇಪ್ಪದ್ದೂ ಅದೇ ಹಾವ್."

"'ಬೇಡ' ಅಂಬ್ಲಕ್ಕಾ?" ಸೂರ ಕೇಳಿದ.

"ಅದ್ ಅದ್ರ್ ತಂಗಿ. ಆಗ." ಆ ಕಡೆ 'ಆಗ' ಎಂದರೆ ಕೂಡದು.

"'ಅಲ್ಲ'?"

ಬಾಗಿ ಸ್ವಲ್ಪ ಯೋಚಿಸಿ ಆಗಬಹುದೆಂದಳು. "ಅಕ್ಕ್. ಅದ್ ದೂರದ ಸಂಬಂಧ."

ಇಷ್ಟು ಕಟ್ಟುನಿಟ್ಟಿಗೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಇಂಥದೇ ಹೊಸ್ತಿನ ಬೆಳಿಗ್ಗೆ ಕದಿರು ಕೇಳಿಕೊಂಡು ಬಂದವರೊಬ್ಬರಿಗೆ ಸೂರನ ಅಪ್ಪ ಹಲ್ಲುನೋವಿನ ಸಿಟ್ಟಿನಲ್ಲಿ "ಇಲ್ಲೆ, ಹೋಯ್ನಿ" ಅಂದುಬಿಟ್ಟಿದ್ದ. ಅದೇ ವರ್ಷ ಅವರ ಹದಿನೆಂಟು ಸೆಂಟ್ಸ್ ಗದ್ದೆ ನಾಲ್ಕು ಪಥದ ರಸ್ತೆಯ ಅಡಿ ಹೋಯಿತು. ರಸ್ತೆ ಮಾಡುವವರಿಗೆ ಅಪ್ಪನ ಹಲ್ಲಿನ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ ಎಂದು ಸೂರ ಎಷ್ಟು ವಾದಿಸಿದರೂ ಬಾಗಿ ಒಪ್ಪಲಿಲ್ಲ. ಆಮೇಲೆ ಅಪ್ಪನೂ ಹೋದ. ಅಂದಿನಿಂದ ಬಾಗಿ ಹೊಸ್ತು ಉಂಡಿರಲಿಲ್ಲ. ಹೊಸ ಭತ್ತದ ಕದಿರು ಬಾಗಿಲಿಗೆ ಕಟ್ಟಿ, ಅದರ ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ, ಹಿರಿಯರ ಅಪ್ಪಣೆ ಕೇಳಿ ಉಣ್ಣುವುದು ಹೊಸ್ತು. ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುವ ಕದಿರು ತಂದರೆ ಮುಖ ತಿರುಗಿಸುತ್ತಿದ್ದಳು. "ಬೆಳ್ದದ್ದ್ ಆಯ್ಕ್, ಅಲ್ದಿದ್ರೆ ಯಾರ್ ಗದ್ದಿಯಿಂದಾರೂ ಕೇಳ್ದೆ ತಂದದ್ದ್ ಆಯ್ಕ್. ಕೊಂಡದ್ದ್ ಆಗ." ಕದಿರನ್ನು ಕೇಳದೆ ತೆಗೆದರೆ ಅದು ಕಳ್ಳತನವಲ್ಲ ಎಂಬುದೂ ಆ ಕಡೆಯ ಕ್ರಮವೇ. ಆದರೆ ಇನ್ನೊಬ್ಬರ ಗದ್ದೆಗೆ ಕೈಹಾಕುವ ಧೈರ್ಯ ಸೂರನಿಗೆ ಹನ್ನೊಂದು ವರ್ಷ ಬಂದಿರಲಿಲ್ಲ.

ಈ ವರ್ಷ ತಾನೇ ಕದಿರು ಬೆಳೆಯುವುದಾಗಿ ಅವನು ಮಾತು ಕೊಟ್ಟಿದ್ದ. ಅವನದು ಮೀನಿನ ಟೆಂಪೋ. ಮನೆಯಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗಳಿಗೆ ಬರವಿರಲಿಲ್ಲ. ಮೂರು ಪೆಟ್ಟಿಗೆಗೆ ಗದ್ದೆಯ ಮಣ್ಣು ತುಂಬಿ, ಟೆರೇಸಿನ ಮೇಲಿಟ್ಟು, ಭತ್ತ ಬಿತ್ತಿದ್ದ. ಭತ್ತ ಬೆಳೆಯಿತು. ಹತ್ತಿರ ಹೋದರೆ ಬಂಗುಡೆ ವಾಸನೆ ಬರುತ್ತಿತ್ತು ಎಂಬುದು ಬೇರೆ ಮಾತು. ಹಿಂದಿನ ಸಂಜೆ ಸೂರ ಎಣಿಸಿದಾಗ ನಲವತ್ತು ಚಿಲ್ಲರೆ ತೆನೆಗಳಿದ್ದವು. ಬೆಳಿಗ್ಗೆ ಹತ್ತಿ ನೋಡಿದರೆ ಇಪ್ಪತ್ತೊಂದು. ಹಕ್ಕಿಗಳಿಗೆ ಅವುಗಳ ಅಜ್ಜನವರೆಗೆ ಬೈದ. ಆದರೂ ಬೇಕಾದದ್ದು ಐದೇ: ದೇವರಿಗೆ, ಬಾಗಿಲಿಗೆ, ಅಕ್ಕಿ ಡಬ್ಬಿಗೆ, ಟೆಂಪೋಗೆ, ಪಾಯಸಕ್ಕೆ. ತುಲಾ ಲಗ್ನ, ಒಂಬತ್ತೂ ಇಪ್ಪತ್ತರ ಒಳಗೆ ಕಟ್ಟಬೇಕು. ಬೇಕಾದಷ್ಟು ಹೊತ್ತಿತ್ತು.

ವನಜ ಹಿಂದಿನ ರಾತ್ರಿ ಆ ಪೆಟ್ಟಿಗೆಗಳ ಫೋಟೋ ತೆಗೆದು, "ನಮ್ಮನೆ ಕದಿರು" ಎಂದು ಬರೆದು, ಎರಡು ಕೈಮುಗಿಯುವ ಚಿತ್ರ ಸೇರಿಸಿ ವಾಟ್ಸಾಪ್ ಸ್ಟೇಟಸ್ ಹಾಕದೇ ಇದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

"ಹ್ವಾಯ್ ಸೂರಾ! ಕದ್ರ್ ಇತ್ತಾ?"

ಎದುರು ಮನೆ ಚಂದ್ರಮತಿ, ಮಹಿಳಾ ಸಂಘದ ಅಧ್ಯಕ್ಷೆ. ಕೈಯಲ್ಲಿ ಬುಟ್ಟಿ. ಒಂದು ಕದಿರಿಗೆ ಯಾರೂ ಬುಟ್ಟಿ ತರುವುದಿಲ್ಲ. ಸೂರ ಟೆರೇಸಿನಿಂದ ಬಗ್ಗಿ, ಸಾವಿನ ಸುದ್ದಿ ಹೇಳುವಷ್ಟು ದನಿ ತಗ್ಗಿಸಿ ಹೇಳಿದ.

"ತುಂಬಿತ್ತ್ ಚಂದ್ರಮತಕ್ಕ."

"ತುಂಬಿತ್ತಾ! ಲಾಯ್ಕಾಯ್ತ್ ಕಾಣ್!" ಅವಳು ಆಗಲೇ ಮೆಟ್ಟಿಲ ಮೇಲಿದ್ದಳು.

"ಅಕ್ಕಾ, ಆ ತುಂಬಿತ್ತ್ ಅಲ್ಲ, ಈ ತುಂಬಿತ್ತ್..."

"ತುಂಬಿತ್ತ್ ಅಂದ್ಮೇಲೆ ಆ ಎಂತ, ಈ ಎಂತ? ಇದಾ, ಕಣ್ಣಿಗೇ ಕಾಂತಲ್ಲ!"

"ಅಷ್ಟೆಲ್ಲ ಆಗ ಅಕ್ಕಾ, ಆಗ..."

"ಆಗ ಅಂದ್ರೆ ಯಾವಾಗ? ಲಗ್ನ ಒಂಬತ್ತೂ ಇಪ್ಪತ್ತಕ್ಕೆ ಮುಗಿತ್ತ್. ಈಗಳೇ ಆಯ್ಕ್."

ಚಂದ್ರಮತಿಯ ಕತ್ತರಿ ಕ್ಷೌರದಂಗಡಿಯ ಕತ್ತರಿಯಂತೆ ಮಾತಿನ ನಡುವೆಯೇ ಆಡಿತು. ಬಾಗಿಲಿಗೊಂದು, ಗೇಟಿಗೊಂದು, ದೇವರಿಗೊಂದು, ಅಕ್ಕಿಗೊಂದು, ಕಾರು, ಸ್ಕೂಟರು, ಫ್ರಿಜ್ಜು, ಮಿಕ್ಸಿ, ಸಂಘದ ಕಪಾಟು. ಒಂಬತ್ತು ಹೋಯಿತು.

ಅವಳು ಇಳಿಯುವಾಗ ಪಕ್ಕದ ಮನೆಯ ಮುತ್ತ ಹತ್ತುತ್ತಿದ್ದ. ಮೂವತ್ತು ವರ್ಷ ಮುಂಬಯಿಯ ಕ್ಯಾಂಟೀನಿನಲ್ಲಿ ದುಡಿದು ಬಂದವನು.

"ಅರೇ ಸೂರ ಭಾಯ್, ಏಕ್‌ದಮ್ ಫಸ್ಟ್ ಕ್ಲಾಸ್! ಚಂದ್ರಮತಿಗ್ ಬುಟ್ಟಿ ತುಂಬ ಕೊಟ್ಟೆ. ನಂಗೆ ಕೊಡ್ತಿಲ್ಲ್ಯಾ?"

ಇದಕ್ಕೆ ಸರಿಯಾದ ಉತ್ತರ ಸೂರನ ನಾಲಿಗೆಯ ತುದಿಯಲ್ಲೇ ಇತ್ತು. ಕೆಳಗೆ ದೇವರ ಕೋಣೆಯಲ್ಲಿ ಅಬ್ಬೆ ಕೆಮ್ಮಿದಳು.

"ಕೊ... ಕೊಡ್ತೆ."

"ಶಾಬಾಸ್!" ಮುತ್ತ ಏಳು ತೆಗೆದ. ಮೂರು ಮನೆಗೆ, ನಾಲ್ಕು ಡೊಂಬಿವಲಿಯ ಮಗಳಿಗೆ ಕೊರಿಯರ್ ಮಾಡಲಿಕ್ಕೆ.

ಉಳಿದದ್ದು ಸರಿಯಾಗಿ ಐದು. ಸೂರ ಅವು ಇದ್ದ ಪೆಟ್ಟಿಗೆಯನ್ನು ಮಗುವಿನಂತೆ ಅಪ್ಪಿಕೊಂಡು ಮೆಟ್ಟಿಲ ಬಾಗಿಲ ಹತ್ತಿರ ಬಂದ. ಅಲ್ಲಿ ವಿಶಾಲ್ ನಿಂತಿದ್ದ. ಚಂದ್ರಮತಿಯ ಮನೆಯಲ್ಲಿ ಬಾಡಿಗೆಗಿದ್ದ ಹುಡುಗ, ವಿಜಯಪುರದ ಕಡೆಯವನು, ಬ್ಯಾಂಕಿನಲ್ಲಿ ಕೆಲಸ, ಮಹಾ ವಿನಯವಂತ.

"ಅಣ್ಣಾರ, ಕದಿರು ಉಳದಾವೇನ್ರಿ?"

ಈ ಹುಡುಗನಿಗೆ ಪುಸ್ತಕದ ಭಾಷೆಯಲ್ಲಿ ಹೇಳಿದರೆ ಅರ್ಥವಾದೀತು ಎಂದುಕೊಂಡ ಸೂರ ಸ್ಪಷ್ಟವಾಗಿ ಹೇಳಿದ: "ತುಂಬಿದೆ."

"ಭಾಳ ಚಲೋ ಆತ್ರಿ! ಐದ ಐದು ಸಾಕ್ರಿ. ಬ್ಯಾಂಕಿನ್ಯಾಗ ಐದು ಕೌಂಟರ್ ಅದಾವ." ಎಂದವನೇ ಐದನ್ನೂ ಮುರಿದುಕೊಂಡು ಸೂರನ ಕಾಲು ಮುಟ್ಟಿ ನಮಸ್ಕರಿಸಿದ. ಕಾಲಿಗೆ ಬಿದ್ದವನ ಕೈಯಿಂದ ಕದಿರು ಕಿತ್ತುಕೊಳ್ಳುವುದು ಹೇಗೆಂದು ಸೂರನಿಗೆ ಯಾರೂ ಕಲಿಸಿರಲಿಲ್ಲ.

ಎಂಟು ಗಂಟೆ. ಮೂರು ಪೆಟ್ಟಿಗೆ ಹುಲ್ಲು, ಒಂದು ಟೆರೇಸು, ಒಬ್ಬ ಸೂರ.

ಅವನು ಕೆಳಗಿಳಿದು ದೇವರ ಕೋಣೆಯ ಬಾಗಿಲ ಹೊರಗೆ ನಿಂತ. ಒಳಗೆ ಅಬ್ಬೆ ಗಂಟೆ ಒರೆಸುವ ಸದ್ದು. ಆದದ್ದನ್ನು ಹೇಳುವ ಧೈರ್ಯವಾಗದೆ, ಏನೂ ಆಗದವನ ಹಾಗೆ ಕೇಳಿದ.

"ಅಬ್ಬೇ, ಒಳ್ಗೆಲ್ಲಾರೂ ಕದ್ರ್ ಇತ್ತಾ?"

"ತುಂಬಿತ್ತ್!" ಎಂದಳು ಬಾಗಿ, ಹರಾಜಿನ ದನಿಯಲ್ಲಿ.

ಒಳಗೂ ಖಾಲಿ ಎಂದುಕೊಂಡ ಸೂರ. ಪಾಪ, ಬರಿದಾದದ್ದನ್ನೂ ಎಷ್ಟು ಗಟ್ಟಿ ಮನಸ್ಸಿನಿಂದ ಹೇಳುತ್ತಾಳೆ! ಮಗ ಮೇಲಿನಿಂದ ತರುತ್ತಾನೆ ಎಂದು ಕಾಯುತ್ತಾ ಕೂತಿದ್ದಾಳೆ. ಅವನು ವನಜನ ಸ್ಕೂಟಿಯ ಕೀಲಿ ಎತ್ತಿಕೊಂಡು ಯಾರಿಗೂ ಹೇಳದೆ ಹೊರಟ. ಹೆಲ್ಮೆಟ್ ಮನೆಯಲ್ಲಿ, ಲೈಸೆನ್ಸ್ ಟೆಂಪೋದಲ್ಲಿ, ಜೀವ ಬಾಯಲ್ಲಿ.

ಸರ್ಕಲಿನಲ್ಲಿ ಪೊಲೀಸರು ನಿಂತಿದ್ದರು. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಎಸ್ಸೈ ಕೈ ಅಡ್ಡ ಹಿಡಿದರು.

"ಲೈಸೆನ್ಸ್ ಇದೆಯಾ?"

"ತುಂಬಿತ್ತ್ ಸಾರ್."

"ಅವಧಿ ತುಂಬಿದೆಯಾ? ಎಷ್ಟು ವರ್ಷ ಆಯ್ತು?"

"ಅವಧಿ ಅಲ್ಲ ಸಾರ್. ಲೈಸೆನ್ಸೇ ತುಂಬಿತ್ತ್."

ಎಸ್ಸೈ ಮೂಗು ಮುಂದೆ ತಂದರು. "ಕುಡಿದಿದ್ದೀಯಾ?"

"ಕಾಪಿ ಕುಡ್ದಿದೆ ಸಾರ್."

"ಬೇರೇನಾದ್ರೂ?"

"ಬೇರೆ... ತುಂಬಿತ್ತ್."

"ತುಂಬಾ ಕುಡಿದಿದ್ದಾನೆ ರೀ ಇವನು. ಊದಿಸಿ!"

ಸೂರ ಊದಿದ. ಯಂತ್ರ ತುಟಿಪಿಟಿಕ್ಕೆನ್ನಲಿಲ್ಲ. ಇನ್ನೊಮ್ಮೆ ಊದಿದ. ಪಕ್ಕದಲ್ಲಿದ್ದ ಊರಿನ ಪೇದೆಯ ಮುಖದಲ್ಲಿ ಬೆಳಕು ಮೂಡಿತು. "ಸಾರ್, ಇವತ್ತು ಇವ್ರ ಮನೆ ಹೊಸ್ತು ಇರ್ಬೇಕು. ನಮ್ಮಜ್ಜಿನೂ ಹೀಗೇ ಮಾಡ್ತಿದ್ರು. ಬಾಯಲ್ಲಿ ಇಲ್ಲ ಅನ್ನೋ ಹಾಗಿಲ್ಲ."

"ಏನು ಕೇಳಿದ್ರೂ ಇಲ್ಲ ಅನ್ನಲ್ವಾ?" ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಎಸ್ಸೈಗೆ ಇಂಥವನೊಬ್ಬ ಸಿಕ್ಕಿರಲಿಲ್ಲ. ಸೂರನನ್ನು ಮೇಲಿಂದ ಕೆಳಗೆ ನೋಡಿದರು, ವಸ್ತುಸಂಗ್ರಹಾಲಯದಲ್ಲಿ ನೋಡುವ ಹಾಗೆ. "ಇನ್ನು ಮುಂದೆ ಹೆಲ್ಮೆಟ್ ಇಲ್ದೆ ಬರ್ತೀಯಾ?"

ಸೂರ ಜೋರಾಗಿ ತಲೆ ಅಲ್ಲಾಡಿಸಿದ. ತಲೆಗೆ ಅಬ್ಬೆಯ ನಿಷೇಧವಿರಲಿಲ್ಲ.

"ಹೋಗು."

ಮಲ್ಯಾಡಿಯ ಕಡೆ ಇನ್ನೂ ಗದ್ದೆಗಳು ಉಳಿದಿದ್ದವು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು, ಅದರಾಚೆ ಬಂಗಾರದ ಬಣ್ಣಕ್ಕೆ ತಿರುಗುತ್ತಿದ್ದ ಭತ್ತ. ಎಂಟೂ ನಲವತ್ತು. ಸೂರ ಚಪ್ಪಲಿ ಕಳಚಿಟ್ಟು, ಅಂಚಿನಲ್ಲಿ ನಿಂತು ಗದ್ದೆಗೆ ಕೈಮುಗಿದ. ಎಷ್ಟೋ ವರ್ಷಗಳ ಮೇಲೆ ಕಾಲಬೆರಳಿನ ಸಂದಿಯಲ್ಲಿ ಗದ್ದೆಯ ಕೆಸರು ನುಗ್ಗಿತು. ಅಪ್ಪನ ಹಿಂದೆ ನಡೆಯುತ್ತಿದ್ದ ಕಾಲಿಗೆ ಅದು ನೆನಪಿತ್ತು. ಐದು ತೆನೆ ಕೊಯ್ದು ತಲೆಯ ಮೇಲಿಟ್ಟು, ಹೆಗಲ ಮೇಲಿನ ಬೈರಾಸಿನಲ್ಲಿ ಮುಂಡಾಸು ಸುತ್ತಿದ. ಕದಿರು ತಲೆಗೇರಿದ ಮೇಲೆ ಮನೆ ಮುಟ್ಟುವವರೆಗೆ ಇಳಿಸುವಂತಿಲ್ಲ, ಒಂದು ಕಾಳೂ ಉದುರುವಂತಿಲ್ಲ. ತೆನೆಗಳು ಹಣ್ಣಾಗಿ ಕಿವಿಯ ಮೇಲೆ ತೂಗುತ್ತಿದ್ದವು.

"ಯಾರ್ ಅದ್?"

ಸೂರ ತಲೆ ತಿರುಗಿಸದೆ ಇಡೀ ದೇಹ ತಿರುಗಿಸಿದ. ಗದ್ದೆಯ ಒಡೆಯರು ಚಂದಯ್ಯ ಶೆಟ್ಟರು, ಕೈಯಲ್ಲಿ ಕೊಡೆ.

"ಹೋ, ಮೀನಿನ ಟೆಂಪೋ ಸೂರನಾ! ಕದ್ರಿಗ್ ಬಂದದ್ದಾ? ತಕೋ ಮಾರಾಯ, ಹೆದ್ರುದೆಂತಕ್ಕೆ. ಅಲ್ಲ, ನಿನ್ನಪ್ಪಂದ್ ಒಂಚೂರ್ ಗದ್ದಿ ಇತ್ತಲ್ಲ. ಈಗ ಇಲ್ಲ್ಯಾ?"

"ತುಂಬಿತ್ತ್ ಶೆಟ್ರೆ."

ಶೆಟ್ಟರು ಹಳಬರು. ಆ ಬೆಳಿಗ್ಗೆ ಸೂರನ ಮಾತು ಕೇಳಿದೊಡನೆ ಅರ್ಥವಾದದ್ದು ಅವರೊಬ್ಬರಿಗೇ. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು. ಅತ್ತ ನೋಡಿ ಅವರೂ ಮೆಲ್ಲಗೆ ಹೇಳಿದರು: "ಹೌದ್ ಮಾರಾಯ. ತುಂಬಿತ್ತ್."

ಆಮೇಲೆ ಕೊಡೆ ಮಡಚಿದರು. "ಕಾಣ್, ಈ ಗದ್ದಿ ಮಾಡ್ತಿದ್ದ ಕೊರಗನಿಗೆ ಮಂಡಿನೋವ್. ಇನ್ ಆತಿಲ್ಲೆ ಅಂದ. ಬಪ್ಪು ಮಳಿಗಾಲದಿಂದ ನೀನ್ ಮಾಡ್ತ್ಯಾ? ಎರ್ಡ್ ಮುಡಿ ಗದ್ದಿ. ಗೇಣಿ ಗೀಣಿ ಎಂತ ಬೇಡ. ಹೊಸ್ತಿಗೆ ನಮ್ಮನಿಗೊಂದ್ ಮುಷ್ಟಿ ಕದ್ರ್ ಕೊಟ್ರೆ ಸಾಕ್."

ಸೂರನ ಕೃಷಿಯ ಅನುಭವ ಒಟ್ಟು ಮೂರು ಥರ್ಮಾಕೋಲ್ ಪೆಟ್ಟಿಗೆ. ನಸುಕಿಗೇ ಎದ್ದು ಬಂದರಿಗೆ ಓಡುವವನು ಎರಡು ಮುಡಿ ಬೀಜ ಬೀಳುವಷ್ಟು ದೊಡ್ಡ ಗದ್ದೆ ಉಳುವುದು ಯಾವಾಗ, ನೆಡುವುದು ಯಾವಾಗ? ಗಂಟಲಿನಿಂದ ದೊಡ್ಡದೊಂದು "ಇಲ್ಲೆ" ಮೇಲೆ ಬಂತು. ಮೀನಿನ ಮುಳ್ಳಿನ ಹಾಗೆ ಅದನ್ನು ಕಷ್ಟಪಟ್ಟು ನುಂಗಿದ.

"ಬೇಡ ಅಂಬುದಾರೆ ತಲಿ ಅಲ್ಲಾಡ್ಸ್. ನಂಗೆಂತ ಬೇಜಾರಿಲ್ಲೆ," ಎಂದರು ಶೆಟ್ಟರು.

ಅಲ್ಲಾಡಿಸಿದರೆ ಕಾಳು ಉದುರುತ್ತದೆ. ಸೂರ ಫೋಟೋ ತೆಗೆಸಿಕೊಳ್ಳುವವನ ಹಾಗೆ ಕುತ್ತಿಗೆ ಬಿಗಿಹಿಡಿದು ನಿಂತ. ಶೆಟ್ಟರು ಕಾದರು. ತಲೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

"ಹಾಂಗಾರೆ ಆಯ್ತ್!" ಶೆಟ್ಟರಿಗೆ ಖುಷಿಯಾಯಿತು. "ನಿನ್ ನಂಬರ್ ಕೊರಗನ್ ಹತ್ರ ಇತ್ತ್. ಮಧ್ಯಾಹ್ನ ಫೋನ್ ಮಾಡ್ತೆ. ಹೋಗ್, ಲಗ್ನ ಮುಗಿತ್ತ್."

ಮಧ್ಯಾಹ್ನ ಫೋನಿನಲ್ಲಿ ಆಗದೆಂದು ಹೇಳಿದರಾಯಿತು, ಅಷ್ಟರಲ್ಲಿ ಅಬ್ಬೆಯ ಊಟ ಆಗಿರುತ್ತದೆ ಎಂದುಕೊಂಡು ಸೂರ ಸ್ಕೂಟಿ ಹತ್ತಿದ. ಸರ್ಕಲಿನಲ್ಲಿ ಎಸ್ಸೈ ಮತ್ತೆ ಕೈ ಎತ್ತಿದರು. ಮುಂಡಾಸಿನಿಂದ ಇಳಿಬಿದ್ದ ತೆನೆ ಕಂಡು ಎತ್ತಿದ ಕೈಯಲ್ಲೇ ದಾರಿ ಬಿಡಿಸಿದರು.

ಒಂಬತ್ತೂ ಹದಿನಾಲ್ಕು. ಸೂರ ಅಂಗಳದಿಂದ ಕೂಗಿದ: "ಅಬ್ಬೇ! ಕದ್ರ್ ತಂದೆ!"

ಬಾಗಿ ದೇವರ ಕೋಣೆಯಿಂದ ಹೊರಬಂದಳು. ಅವಳ ಎರಡೂ ಕೈಯಲ್ಲಿ ಹಳೇ ಕಾಲದ ಭತ್ತ ಅಳೆಯುವ ಕಳಸಿಗೆ. ಅದರ ಬಾಯಿಂದ ಹೊರಗೆ ಉಕ್ಕುವಷ್ಟು ಕದಿರು. ದಪ್ಪ ದಪ್ಪ ತೆನೆ. ಬಂಗುಡೆ ವಾಸನೆ.

"ಎಲ್ಲಿಗ್ ಹೋದ್ದ್ ಮಗಾ? ಮತ್ ಎಂತಕ್ಕ್ ತಂದದ್ದ್?"

ಸೂರ ಕಳಸಿಗೆ ನೋಡಿದ. ಅಬ್ಬೆಯನ್ನು ನೋಡಿದ. "ಇದ್ ಎಲ್ಲಿಂದ?"

"ಎಲ್ಲಿಂದ ಅಂದ್ರೆ? ಬೆಳ್ಗಿನ್ ಐದೂವರಿಗೇ ಧನ್ಯಶ್ರೀ ಹತ್ರ ಲಾಯ್ಕ್ ಲಾಯ್ಕ್ ತೆನಿ ಎಲ್ಲ ಕೊಯ್ಸಿ ಇಟ್ಟಿದೆ. ಊರ್ ಹೆಂಗ್ಸರ್ ಸ್ಟೇಟಸ್ ಕಂಡಿರ್ತ್ರ್ ಅಂಬ್ದ್ ನಂಗ್ ಗೊತ್ತಿತ್ತ್."

"ನಾ ಕೇಂಡಾಗ ಹೇಳುಕಾಗ್ದಾ?"

"ಹೇಳ್ದೆ ಅಲ್ದನಾ? ತುಂಬಿತ್ತ್ ಅಂದೆ!"

"ತುಂಬಿತ್ತ್ ಅಂದ್ರೆ... ನಾನ್..."

"ದೇವ್ರ ಕೋಣಿಯಗೆ ಕೂಕಂಡ್, ಹೊಸ್ತಿನ್ ದಿನ, ನಾನ್ ಸುಳ್ ಹೇಳ್ತ್ನಾ? ತುಂಬಿದ್ರೆ ತುಂಬಿತ್ತ್ ಅಂಬುದಲ್ದೆ ಮತ್ತೆಂತ ಅಂಬ್ದ್?"

ಬಾಗಿಲ ಸಂದಿಯಲ್ಲಿ ಧನ್ಯಶ್ರೀ ಬಾಯಿಗೆ ಶಾಲು ಒತ್ತಿಕೊಂಡು ಬಗ್ಗಿದ್ದಳು.

ಎರಡೂ ಕದಿರು ಸೇರಿಸಿ ಮಾವಿನ ಎಲೆಯ ಜೊತೆ ಕಟ್ಟಿದ್ದಾಯಿತು. ಲಗ್ನ ಮುಗಿಯಲು ಒಂದು ನಿಮಿಷ ಬಾಕಿಯಿತ್ತು.

ಮಧ್ಯಾಹ್ನ ಎಲೆಯ ಮುಂದೆ ಎಲ್ಲರೂ ಕೂತರು. ಧನ್ಯಶ್ರೀ ಅಪ್ಪನ ಕಡೆ ತಿರುಗಿ "ಹೊಸ್ತ್ ಉಂತೆ" ಎಂದಳು. "ಉಣ್ಣ್" ಎಂದ ಸೂರ. ಸೂರ ಅಬ್ಬೆಯನ್ನು ಕೇಳಿದ. "ಉಣ್ಣ್ ಮಗಾ" ಎಂದಳು ಬಾಗಿ. ಮನೆಗೆ ಹಿರಿಯಳಾದ ಅವಳು ಕೇಳಬೇಕಾದದ್ದು ಯಾರನ್ನು? ಗೋಡೆಯ ಮೇಲಿನ ಗಂಡನ ಫೋಟೋ ನೋಡಿದಳು. ಅದಕ್ಕೂ ಒಂದು ಕದಿರು ಸಿಕ್ಕಿಸಿತ್ತು.

"ಹ್ವಾಯ್, ಹೊಸ್ತ್ ಉಂತೆ. ಅಕ್ಕಾ?"

ಅವನು ಬದುಕಿದ್ದಾಗ ಉತ್ತರಿಸಲು ತೆಗೆದುಕೊಳ್ಳುತ್ತಿದ್ದಷ್ಟೇ ಹೊತ್ತು ಕಾದಳು. ಆಮೇಲೆ ಪಾಯಸದ ತುತ್ತು ಬಾಯಿಗಿಟ್ಟಳು. ಹನ್ನೊಂದು ವರ್ಷ. 

"ಚೂರ್ ಬಂಗ್ಡಿ ಪರಿಮಳ ಇತ್ತ್," ಎಂದಳು ಬಾಗಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಆದ್ರೂ ನಮ್ದೇ. ಹ್ಞಾ, ಇನ್ ಆ ಮಾತ್ ಆಡ್ಲಕ್ಕ್."

ಸೂರನಿಗೆ ಜೈಲಿನಿಂದ ಬಿಟ್ಟ ಹಾಗಾಯಿತು. ಬೆಳಗಿನಿಂದ ನುಂಗಿದ "ಇಲ್ಲೆ"ಗಳೆಲ್ಲ ಹೊಟ್ಟೆಯಲ್ಲಿ ಎದ್ದು ನಿಂತು ಸಾಲುಗಟ್ಟಿದವು. ಆಗಲೇ ಫೋನು ಹೊಡೆದುಕೊಂಡಿತು. ಅವನದು ಎಂಜಲು ಕೈಯಾದ್ದರಿಂದ ಧನ್ಯಶ್ರೀ ಎಡಗೈಯಲ್ಲಿ ಸ್ಪೀಕರ್ ಹಾಕಿ ಹಿಡಿದಳು.

"ಸೂರಾ, ನಾನ್ ಚಂದಯ್ಯ." ಶೆಟ್ಟರ ದನಿ ಮನೆ ತುಂಬಿತು. "ಗದ್ದಿ ನೀನ್ ಮಾಡುದ್ ಅಂತ ಕೊರಗನಿಗೆ ಹೇಳಿಯಾಯ್ತ್. ಮನಿಯಗೂ ಹೇಳಿಯಾಯ್ತ್. ಕಡಿಗೆ ಮಾತ್ ತಪ್ಪುದಿಲ್ಲೆ ಅಲ್ದಾ?"

ಸೂರ ಪ್ರಶ್ನೆಯ ಬಾಲ ಕೇಳಲಿಲ್ಲ. ಬಾಯಿ ತೆರೆದದ್ದೇ ತಡ, ಒಡ್ಡು ಒಡೆಯಿತು.

"ಇಲ್ಲೆ!" ಎಂದ. ಎಷ್ಟು ಹಗುರಾಯಿತೆಂದರೆ ಮತ್ತೂ ಎರಡು ಸಲ ಅಂದ. "ಇಲ್ಲೆ ಶೆಟ್ರೆ! ಇಲ್ಲವೇ ಇಲ್ಲೆ!"

"ಸಾಕ್ ಮಾರಾಯ, ಒಂದ್ ಸಲ ಹೇಳ್ರೆ ನಂಬ್ತೆ. ನೀನ್ ಮಾತ್ ತಪ್ಪುವವ ಅಲ್ಲ," ಎಂದು ಶೆಟ್ಟರು ಸಂತೋಷದಿಂದ ಫೋನಿಟ್ಟರು.

ಸೂರ ಎಲೆಯ ಮೇಲೆ ಕೈಯಿಟ್ಟುಕೊಂಡು ಕೂತ. ಅಂದದ್ದು ಏನು, ಆದದ್ದು ಏನು ಎಂದು ಮೆಲ್ಲಗೆ ತಲೆಗೆ ಹತ್ತತೊಡಗಿತು. ಬಾಗಿ ಪಾಯಸ ಬಿಟ್ಟು ಮಗನ ಮುಖವನ್ನೇ ನೋಡುತ್ತಿದ್ದಳು.

"ಗದ್ದಿಯಾ? ನಾವ್ ಮಾಡ್ದಾ?" ಅವಳ ಹರಾಜಿನ ದನಿ ಮೊದಲ ಬಾರಿಗೆ ಪಿಸುಮಾತಾಗಿತ್ತು. "ಎಷ್ಟ್ ಮುಡಿ, ಮಗಾ?"

"ಎರ್ಡ್," ಎಂದ ಸೂರ.

"ಮಳಿಗೆ ಹಾಕುವ ಗೊರ್ಬು ಅಟ್ಟದಗೆ ಇತ್ತ್. ನಿನ್ನಪ್ಪಂದ್. ಜೂನ್ ಒಳ್ಗೆ ಒಣಗಿಸ್ಕ್," ಎಂದು ಬಾಗಿ ಆಗಲೇ ಲೆಕ್ಕ ಹಾಕತೊಡಗಿದಳು.

ವನಜ ಸೌಟು ಹಿಡಿದು ಗಂಡನ ಮುಂದೆ ಬಗ್ಗಿದಳು. "ಹ್ವಾಯ್, ಪಾಯಸ ಹಾಕ್ಲಾ? ಎಲಿಯಗೆ ಇತ್ತಾ?"

"ತುಂಬಿತ್ತ್," ಎಂದ ಸೂರ, ಅಟ್ಟದ ಕಡೆ ನೋಡುತ್ತಾ.

ಯಾವ ತುಂಬಿತ್ತ್ ಎಂದು ಕೇಳುವಷ್ಟು ಪುರುಸೊತ್ತು ವನಜನಿಗಿರಲಿಲ್ಲ. ಎರಡು ಸೌಟು ಸುರಿದು ಮುಂದೆ ಹೋದಳು.